ಶಾಲೆಯ ಬಾಗಿಲು ಮತ್ತು ಪಾಲಕರ ವಾಹನ

ಸಂಸ್ಥೆಯ ಸ್ಮರಣ ಸಂಚಿಕೆಗೆಂದು ಕನ್ನಡ ಪಂಡಿತನಿಂದ ಒಂದು ಲೇಖನವನ್ನು ಅಪೇಕ್ಷಿಸುವಾಗ ಸಂಪಾದಕ ಮಂಡಲಿಯವರ ಮನಸ್ಸಿನಲ್ಲಿ ಯಾವ ಬಗೆಯ ವಿಷಯವಿರುತ್ತದೆಂಬುದನ್ನು ನಾನು ಬಲ್ಲೆ. ವಚನ ಸಾಹಿತ್ಯದ ಹಿರಿಮೆ, ಷಟ್ಪದಿಯ ಲಕ್ಷಣ, ಹಳಗನ್ನಡ ವ್ಯಾಕರಣದ ಸೂಕ್ಷ್ಮಗಳು, ಇವುಗಳಲ್ಲೊಂದನ್ನು ಆರಿಸಿಕೊಂಡು ನಾಲ್ಕು ಪುಟ ಬರೆದುಕೊಟ್ಟಿದ್ದರೆ ಅವರಿಗೂ ಸಂತೋಷ, ನನಗೂ ಸುಲಭ. ಆದರೆ ಈ ವರುಷ ನನ್ನ ಚಿತ್ತವು ಗ್ರಂಥಗಳಲ್ಲಿ ನಿಲ್ಲದೆ, ಪ್ರತಿದಿನ ಮುಂಜಾನೆ ಪ್ರಾರ್ಥನೆಗೆ ಮುಂಚಿನ ಅರ್ಧ ಗಂಟೆಯ ಕಾಲ ಶಾಲೆಯ ಮುಂಬಾಗಿಲಲ್ಲಿಯೇ ನಿಂತುಬಿಟ್ಟಿದೆ. ಅಲ್ಲಿ ಕಂಡುದನ್ನು ಬರೆಯುವೆನೆಂದು ಕೇಳಿದಾಗ ಮಂಡಲಿಯವರು ಒಂದು ಕ್ಷಣ ಸುಮ್ಮನಿದ್ದು ಬಳಿಕ ಒಪ್ಪಿದರು. ಅವರ ಔದಾರ್ಯಕ್ಕೆ ಋಣಿಯಾಗಿದ್ದೇನೆ.

ವಿಷಯವು ಇಷ್ಟೇ. ಮಕ್ಕಳನ್ನು ಶಾಲೆಗೆ ತಂದು ಬಿಡುವ ಪಾಲಕರು ತಮ್ಮ ವಾಹನಗಳನ್ನು ಎಲ್ಲಿ ನಿಲ್ಲಿಸಬೇಕು, ಯಾವ ದಿಕ್ಕಿನಿಂದ ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬ ನಿಯಮಗಳನ್ನು ಮಾಡಿ ಅವರಿಂದ ಪಾಲನೆ ಮಾಡಿಸುವ ಅಧಿಕಾರವು ಶಾಲೆಗಿದೆಯೇ? ಈ ಪ್ರಶ್ನೆಯನ್ನು ನಾನು ಹುಟ್ಟಿಸಿದುದಲ್ಲ. ಬಾಗಿಲಿಗೆ ಅಡ್ಡಲಾಗಿ ಫಟಫಟಿ ನಿಲ್ಲಿಸಿದ್ದ ಒಬ್ಬ ಪಾಲಕರಿಗೆ, ಸ್ವಲ್ಪ ಆಚೆ ನಿಲ್ಲಿಸಿರೆಂದು ನಾನು ವಿನಯದಿಂದಲೇ ಹೇಳಿದಾಗ ಅವರು ನಕ್ಕು ಕೇಳಿದರು: "ರಸ್ತಾ ಏನ್ ನಿಮ್ಮ ಸಾಲೀದೇನ್ರೀ ಪಂಡಿತರ?" ಒರಟು ಮಾತೆಂದು ಅಂದು ನೊಂದುಕೊಂಡೆ. ರಾತ್ರಿ ಮಲಗುವಾಗ ಯೋಚಿಸಿದರೆ ಅದು ಒಳ್ಳೆಯ ತಾರ್ಕಿಕನು ಹಾಕುವ ಪೂರ್ವಪಕ್ಷದಂತೆ ತೋರಿತು. ರಸ್ತೆ ನಿಜವಾಗಿಯೂ ಶಾಲೆಯದಲ್ಲ. ಹಾಗಿದ್ದರೆ ಉತ್ತರಪಕ್ಷವೇನು?

ನನ್ನ ಸೇವಾವಧಿಯು ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲಿಯೇ ಕಳೆದಿದೆ. ಆದುದರಿಂದ ಮೂರೂ ಕಡೆಯ ಮುಂಜಾನೆಗಳನ್ನು ಕಂಡಿದ್ದೇನೆ. ಒಂದೊಂದು ಊರಿನ ಸಂಕಟವು ಒಂದೊಂದು ಬಗೆಯದು. ಜೇವರ್ಗಿಯ ಮೈಮೇಲೆಯೇ ಕಲಬುರಗಿ-ವಿಜಯಪುರ ಹೆದ್ದಾರಿಯು ಹಾದುಹೋಗಿದೆ. ಹಿಂದೆ 218 ಎಂದು ಕರೆಯಿಸಿಕೊಂಡು ಈಗ 50 ಎಂಬ ಅಂಕವನ್ನು ಹೊತ್ತಿರುವ ಆ ರಾಷ್ಟ್ರೀಯ ಹೆದ್ದಾರಿಯಲ್ಲಿ ಹಗಲಿರುಳೆನ್ನದೆ ಭಾರದ ಲಾರಿಗಳು ಓಡುತ್ತವೆ. ಅಫಜಲಪುರದಲ್ಲಿ ಹುಣ್ಣಿಮೆ ಬಂದರೆ, ಗುರುವಾರ ಬಂದರೆ, ದೇವಲ ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆಂದು ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯಿಂದ ಬರುವ ಕಾರುಗಳ ಸಾಲು. ದಾರಿ ತಿಳಿಯದ ಹೊರಗಿನವರು ಅವರು; ಶಾಲೆಯೆಲ್ಲಿದೆ, ಮಕ್ಕಳೆಲ್ಲಿ ದಾಟುತ್ತಾರೆ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಇನ್ನು ಕಬ್ಬು ನುರಿಸುವ ಕಾಲ ಬಂತೆಂದರೆ, ಹಾವಳಗಾ ಮತ್ತು ಭೂಸನೂರಿನ ಸಕ್ಕರೆ ಕಾರ್ಖಾನೆಗಳಿಗೆ ಹೋಗುವ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡು, ಇಕ್ಕೆಲಗಳಲ್ಲಿ ಕಬ್ಬಿನ ಗರಿಗಳನ್ನು ಚಾಚಿಕೊಂಡು, ಅಫಜಲಪುರ ಆಳಂದಗಳ ಬೀದಿಗಳಲ್ಲಿ ಮದವೇರಿದ ಆನೆಗಳಂತೆ ಸಾಗುತ್ತವೆ. ಆ ಚಾಲಕನು ಬ್ರೇಕು ಒತ್ತಿದರೂ ಹಿಂದಿನ ಟ್ರೇಲರು ಕೇಳಬೇಕಲ್ಲ! ತೊಗರಿ ಕೊಯ್ಲಿನ ದಿನಗಳಲ್ಲಿ ಕೂಲಿಕಾರರನ್ನು ಕಿಕ್ಕಿರಿದು ತುಂಬಿಕೊಂಡ ಕ್ರೂಸರುಗಳು, ಟಂಟಂಗಳು ಶಾಲೆಯ ಹೊತ್ತಿಗೇ ಹೊರಡುತ್ತವೆ.

ಈ ಎಲ್ಲ ಪ್ರವಾಹದ ನಡುವೆ ನಮ್ಮ ಪಾಲಕರು. ಫಟಫಟಿಯ ಮುಂದೆ ಟ್ಯಾಂಕಿನ ಮೇಲೊಂದು ಮಗು, ಹಿಂದೆ ಇನ್ನೆರಡು, ಹ್ಯಾಂಡಲಿಗೆ ನೇತಾಡುವ ಮೂರು ಪಾಟೀಚೀಲ. ಒಬ್ಬರು ಎಡದಿಂದ ಬಂದರೆ ಇನ್ನೊಬ್ಬರು ಬಲದಿಂದ. ತನ್ನ ಮಗುವು ನಾಲ್ಕು ಹೆಜ್ಜೆಯನ್ನೂ ನಡೆಯದಂತೆ ನೇರವಾಗಿ ಬಾಗಿಲ ಹೊಸ್ತಿಲಿಗೇ ಇಳಿಸಬೇಕೆಂಬುದು ಪ್ರತಿಯೊಬ್ಬ ತಂದೆಯ ಹಂಬಲ. ಈ ಹಂಬಲವು ಪ್ರೀತಿಯಿಂದ ಹುಟ್ಟಿದುದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮುನ್ನೂರು ತಂದೆಯರ ಪ್ರೀತಿಯು ಏಕಕಾಲದಲ್ಲಿ ಹನ್ನೆರಡು ಅಡಿಯ ಬಾಗಿಲಿಗೆ ನುಗ್ಗಿದರೆ, ನಡೆದುಕೊಂಡು ಬಂದ ಮಗುವಿಗೆ ಒಳಗೆ ಹೋಗಲು ದಾರಿಯೇ ಉಳಿಯುವುದಿಲ್ಲ. ನಡೆದು ಬರುವ ಮಗುವು ಯಾರದು? ವಾಹನವಿಲ್ಲದವನದು. ಕೂಲಿಗೆ ಹೋದವಳದು. ಪ್ರಸಾದ ನಿಲಯದಲ್ಲಿ ಇರುವಂಥದು. ಅದು ಗೋಡೆಗೆ ಒತ್ತಿಕೊಂಡು, ಚಕ್ರಗಳ ನಡುವೆ ನುಸುಳಿ ಬರುತ್ತದೆ. ಈ ದೃಶ್ಯವನ್ನು ಕಾಣಬೇಕಾದರೆ ಬಾಗಿಲಲ್ಲಿ ನಿಲ್ಲಬೇಕು. ಶಿಕ್ಷಕರ ಕೊಠಡಿಯಲ್ಲಿ ಕುಳಿತರೆ ಕಾಣುವುದಿಲ್ಲ.

ಅಪಾಯವನ್ನು ಉತ್ಪ್ರೇಕ್ಷಿಸುತ್ತಿದ್ದೇನೆಂದು ಯಾರೂ ಭಾವಿಸಬಾರದು. 2016ರ ಜೂನ್ 21ರಂದು ಕುಂದಾಪುರ ತಾಲೂಕಿನ ತ್ರಾಸಿಯ ಹತ್ತಿರ ಮಕ್ಕಳನ್ನು ಶಾಲೆಗೆ ಕರೆದೊಯ್ಯುತ್ತಿದ್ದ ಸಣ್ಣ ವಾಹನಕ್ಕೆ ಬಸ್ಸು ಬಡಿದು ಎಂಟು ಮಕ್ಕಳು ತೀರಿಕೊಂಡರು. ಅದು ದೂರದ ಕರಾವಳಿಯ ಮಾತೆನ್ನುವಿರಾದರೆ, 2024ರ ಸೆಪ್ಟೆಂಬರ್ 5ರಂದು, ಅಂದರೆ ಶಿಕ್ಷಕರ ದಿನಾಚರಣೆಯ ಬೆಳಗ್ಗೆಯೇ, ನಮ್ಮ ಕಲ್ಯಾಣ ಕರ್ನಾಟಕದ ಮಾನ್ವಿ ತಾಲೂಕಿನ ಕಪಗಲ್ ಬಳಿಯಲ್ಲಿ ಶಾಲಾ ವಾಹನವೂ ಸಾರಿಗೆ ಸಂಸ್ಥೆಯ ಬಸ್ಸೂ ಒಂದಕ್ಕೊಂದು ತಗುಲಿ ಇಬ್ಬರು ವಿದ್ಯಾರ್ಥಿಗಳು ಅಸುನೀಗಿದರು. ನಾವು ಆ ಹೊತ್ತಿನಲ್ಲಿ ವೇದಿಕೆಯ ಮೇಲೆ ಹಾರಗಳನ್ನು ಹಾಕಿಸಿಕೊಳ್ಳುತ್ತಿದ್ದೆವು. ನಿಲ್ಲಿಸಿದ ವಾಹನವು ಏನು ಮಾಡೀತು ಎನ್ನುವವರು 2025ರ ಏಪ್ರಿಲ್ 5ರ ನಸುಕನ್ನು ನೆನೆಯಬೇಕು. ಜೇವರ್ಗಿ ತಾಲೂಕಿನ ನೆಲೋಗಿ ಕ್ರಾಸಿನ ಹತ್ತಿರ ನಿಂತಿದ್ದ ಲಾರಿಗೆ ಹಿಂದಿನಿಂದ ವಾಹನವೊಂದು ಬಡಿದು, ಕಲಬುರಗಿಯ ಬಂದೇನವಾಜರ ದರ್ಗೆಗೆ ಹೊರಟಿದ್ದ ಬಾಗಲಕೋಟೆಯ ಕಡೆಯ ಐವರು ಯಾತ್ರಿಕರು ಮಡಿದರು. ಕೇಂದ್ರ ಸರಕಾರವೇ ಪ್ರಕಟಿಸಿದ ಲೆಕ್ಕದಂತೆ 2022ರ ಒಂದು ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹದಿನೆಂಟು ತುಂಬದವರು ಒಂಬತ್ತು ಸಾವಿರಕ್ಕೂ ಮಿಗಿಲು.

ಈಗ ಅಧಿಕಾರದ ಮಾತಿಗೆ ಬರೋಣ. ಕಾನೂನನ್ನು ಓದಿದವನು ನಾನಲ್ಲ. ಆದರೂ ಶಾಸ್ತ್ರವೊಂದನ್ನು ಓದಿದವನಿಗೆ ಇನ್ನೊಂದು ಶಾಸ್ತ್ರದ ಅನ್ವಯವನ್ನು ಹಿಡಿಯುವುದು ತೀರ ಕಠಿಣವಲ್ಲ. 1988ರ ಮೋಟಾರು ವಾಹನ ಕಾಯಿದೆಯ 115ನೆಯ ಕಲಮಿನ ಪ್ರಕಾರ ಯಾವುದೇ ರಸ್ತೆಯಲ್ಲಿ ವಾಹನಗಳ ಸಂಚಾರವನ್ನು ನಿರ್ಬಂಧಿಸುವ ಶಕ್ತಿಯು ರಾಜ್ಯ ಸರಕಾರಕ್ಕೂ ಅದು ಅಧಿಕಾರವಿತ್ತವರಿಗೂ ಮಾತ್ರ ಇದೆ. ರಸ್ತೆಯ ಮೇಲೆ ಸಂಚಾರದ ಫಲಕವನ್ನು ನೆಡುವುದೂ ಹಾಗೆಯೇ. ದಂಡವನ್ನು ವಿಧಿಸುವುದಂತೂ ಪೊಲೀಸರ ಮತ್ತು ನ್ಯಾಯಾಲಯದ ಕೆಲಸ. ಶಾಲೆಯು ತಾನೇ ಒಂದು ಹಲಗೆಗೆ ಬಣ್ಣ ಬಳಿದು 'ಇಲ್ಲಿ ವಾಹನ ನಿಲ್ಲಿಸಿದರೆ 500 ರೂಪಾಯಿ ದಂಡ' ಎಂದು ಬೀದಿಯಲ್ಲಿ ತೂಗಹಾಕಿದರೆ ಅದಕ್ಕೆ ನಾಟಕದ ರಾಜಾಜ್ಞೆಗಿರುವಷ್ಟೇ ಬೆಲೆ. ಹೀಗಾಗಿ ನಮ್ಮ ಫಟಫಟಿಯ ಪಾಲಕರ ಪೂರ್ವಪಕ್ಷವು ಒಂದು ಹಂತದವರೆಗೆ ಗೆದ್ದಿತೆಂದೇ ಒಪ್ಪಬೇಕು.

ಆದರೆ ಒಂದು ಹಂತದವರೆಗೆ ಮಾತ್ರ. ರಸ್ತೆ ಶಾಲೆಯದಲ್ಲವೆಂದ ಮಾತ್ರಕ್ಕೆ ಅದು ಪಾಲಕರದೂ ಆಗಲಿಲ್ಲ. 1989ರಷ್ಟು ಹಿಂದೆಯೇ ಹೊರಟ ರಸ್ತೆ ನಿಯಮಾವಳಿಯು ಶಾಲೆಯ ಹಾಗೂ ಆಸ್ಪತ್ರೆಯ ಪ್ರವೇಶದ್ವಾರದ ಬಳಿ ವಾಹನವನ್ನು ನಿಲ್ಲಿಸಕೂಡದೆಂದು ಸ್ಪಷ್ಟವಾಗಿ ಹೇಳಿತ್ತು. ಇದಕ್ಕೆ ಶಾಲೆಯ ಅಪ್ಪಣೆಯೇನೂ ಬೇಕಿರಲಿಲ್ಲ. ಫಟಫಟಿಯ ಮೇಲೆ ಚಾಲಕನನ್ನು ಬಿಟ್ಟು ಒಬ್ಬರಿಗಿಂತ ಹೆಚ್ಚು ಕೂಡುವುದು ನಿಷಿದ್ಧ. ನಾಲ್ಕು ವರ್ಷ ದಾಟಿದ ಮಗುವಿಗೂ ಶಿರಸ್ತ್ರಾಣ ಬೇಕು. ಅದಕ್ಕಿಂತ ಚಿಕ್ಕ ಕೂಸಿಗೆ ಶಿರಸ್ತ್ರಾಣದೊಂದಿಗೆ ಚಾಲಕನ ಮೈಗೆ ಕಟ್ಟುವ ಪಟ್ಟಿಯೂ ಬೇಕೆಂದು, ವೇಗವು ಗಂಟೆಗೆ 40 ಕಿಲೋಮೀಟರನ್ನು ಮೀರಬಾರದೆಂದು 2022ರಲ್ಲಿ ನಿಯಮ ಮಾಡಿದ್ದಾರೆ. ಶಾಲೆಯಿಂದ 100 ಮೀಟರಿನ ಪ್ರದೇಶವು 2000ದ ಶಬ್ದಮಾಲಿನ್ಯ ನಿಯಮಗಳಂತೆ ನಿಶ್ಶಬ್ದ ವಲಯ. ಇನ್ನು ಒಂಬತ್ತನೆಯ ಹತ್ತನೆಯ ವರ್ಗದ ಹುಡುಗನ ಕೈಗೆ ಗಾಡಿಯ ಕೀಲಿಯನ್ನು ಕೊಟ್ಟು ಕಳಿಸುವ ತಂದೆಯು 199-ಎ ಎಂಬ ಕಲಮನ್ನು ಒಮ್ಮೆ ಓದಿಸಿಕೊಂಡು ಕೇಳುವುದು ಒಳಿತು. 2019ರಲ್ಲಿ ಸೇರಿಸಿದ ಆ ಕಲಮಿನಂತೆ, ಹುಡುಗನು ತಪ್ಪು ಮಾಡಿದರೆ ಪಾಲಕನಿಗೆ ಅಥವಾ ಗಾಡಿಯ ಒಡೆಯನಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿಯು ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಪರವಾನಗಿಯಿಲ್ಲ. ಆದುದರಿಂದ ನಿಯಮವಿಲ್ಲವೆಂಬ ಕೊರತೆ ನಮ್ಮನ್ನು ಬಾಧಿಸುತ್ತಿಲ್ಲ. ನಿಯಮವನ್ನು ಬಾಗಿಲಿನವರೆಗೆ ತರುವವರಾರು ಎಂಬುದೇ ಪ್ರಶ್ನೆ.

ಇಲ್ಲಿ ಒಂದು ಸೂಕ್ಷ್ಮವಾದ ತೊಡಕಿದೆ. ಮಗುವಿನ ಮೇಲೆ ಶಾಲೆಗಿರುವ ಅಧಿಕಾರವು ಎಲ್ಲಿಂದ ಬಂದಿತು? ಪಾಲಕನು ತನ್ನ ಅಧಿಕಾರದ ಒಂದಂಶವನ್ನು ಹಗಲು ಹೊತ್ತಿನ ಮಟ್ಟಿಗೆ ಗುರುವಿಗೆ ಒಪ್ಪಿಸಿದನು, ಅದರಿಂದ ಬಂದಿತು. ಕೊಟ್ಟವನ ಮೇಲೆಯೇ ಆ ಅಧಿಕಾರವನ್ನು ತಿರುಗಿಸಲು ಬರುತ್ತದೆಯೇ? ಬರುವುದಿಲ್ಲವೆಂದೇ ಬಹುಕಾಲ ನಾನು ತಿಳಿದಿದ್ದೆ. ಆದರೆ ಬಾಗಿಲಲ್ಲಿ ನಿಂತಾಗ ಇನ್ನೊಂದು ಅಂಶವು ಹೊಳೆಯಿತು. ಒಬ್ಬ ಪಾಲಕನು ತನ್ನ ಮಗುವಿನ ಪರವಾಗಿ ಮಾತ್ರ ಮಾತನಾಡಬಲ್ಲನು. ಪಕ್ಕದ ಗಾಡಿಯ ಮಗುವಿನ ಪರವಾಗಿ ಮಾತನಾಡುವ ಅಧಿಕಾರವು ಅವನಿಗಿಲ್ಲ. ಗೋಡೆಗೆ ಒತ್ತಿಕೊಂಡು ಬರುವ ಮಗುವಿನ ಪರವಾಗಿಯಂತೂ ಇಲ್ಲವೇ ಇಲ್ಲ. ಆ ಎಲ್ಲ ಮಕ್ಕಳ ಅಧಿಕಾರವೂ ಒಂದೊಂದಾಗಿ ಬಂದು ಕೂಡಿರುವುದು ಶಾಲೆಯಲ್ಲಿ. ಆದುದರಿಂದ ಪಾಲಕನೊಬ್ಬನಿಗೆ ಶಾಲೆಯು 'ಆಚೆ ನಿಲ್ಲಿಸಿರಿ' ಎಂದಾಗ ಅಲ್ಲಿ ನುಡಿಯುವವರು ಉಳಿದ ಇನ್ನೂರ ತೊಂಬತ್ತೊಂಬತ್ತು ಪಾಲಕರು. ಪಂಡಿತನ ಬಾಯಿ ನಿಮಿತ್ತ ಮಾತ್ರ.

ಒಪ್ಪಿಸಿಕೊಂಡ ಈ ಅಧಿಕಾರವನ್ನು ಹೇಗೆ ಬಳಸಬಾರದೆಂಬುದಕ್ಕೆ ನನ್ನ ಅನುಭವದಿಂದಲೇ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಹೇಳಲು ನಾಚಿಕೆಯಾಗುತ್ತದೆ. ಬಹಳ ವರ್ಷಗಳ ಹಿಂದೆ ನಾನು ಸೇವೆಯಲ್ಲಿದ್ದ ಒಂದು ಶಾಲೆಯಲ್ಲಿ, ಅದು ಯಾವುದೆಂಬುದು ಇಲ್ಲಿ ಅಪ್ರಸ್ತುತ, ಬಾಗಿಲಿಗೆ ಅಡ್ಡ ನಿಲ್ಲಿಸುವ ಪಾಲಕರ ಮಕ್ಕಳನ್ನು ಪ್ರಾರ್ಥನೆಯ ವೇಳೆಗೆ ಮುಂದೆ ನಿಲ್ಲಿಸಬೇಕೆಂದು ನಿರ್ಣಯವಾಯಿತು. ಸೂಚನೆಯನ್ನು ಕೊಟ್ಟವರಲ್ಲಿ ನಾನೂ ಒಬ್ಬ. ಮೊದಲನೆಯ ದಿನವೇ ಐದನೆಯ ವರ್ಗದ ಒಬ್ಬ ಹುಡುಗನು ಸಿಕ್ಕನು. ಅವನ ತಂದೆಯು ಟಂಟಂ ಹೊಡೆಯುವವನು. ಹತ್ತು ಮಕ್ಕಳನ್ನು ಹೇರಿಕೊಂಡು ಬಂದು ಬಾಗಿಲಲ್ಲಿಯೇ ಇಳಿಸುತ್ತಿದ್ದನು. ಹುಡುಗನನ್ನು ಎಲ್ಲರೆದುರು ನಿಲ್ಲಿಸಿ, ನಿನ್ನ ತಂದೆಗೆ ಬುದ್ಧಿ ಹೇಳು ಎಂದು ನಾನೇ ಗದರಿದೆ. ಅವನು ಅಳಲಿಲ್ಲ. ನೆಲವನ್ನು ನೋಡುತ್ತ ನಿಂತಿದ್ದನು. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ವಾರ ಕಳೆದ ಮೇಲೆ ವಿಚಾರಿಸಲು ಹೋದರೆ ತಾಯಿಯು ಹೇಳಿದಳು: "ಅಪ್ಪಗ ಹ್ಯಾಂಗ್ ಬುದ್ಧಿ ಹೇಳಬೇಕ್ರೀ ಅಂವಾ? ನೀವಾ ಹೇಳ್ರಲ್ಲಾ." ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ತಂದೆಗೆ ನೇರವಾಗಿ ಹೇಳುವ ಧೈರ್ಯವಿಲ್ಲದೆ ನಾವು ಮಗನನ್ನು ಹಿಡಿದಿದ್ದೆವು. ಹುಡುಗನು ಕೊನೆಗೆ ಮರಳಿ ಬಂದನಾದರೂ ನನ್ನ ತರಗತಿಯಲ್ಲಿ ಅವನು ಎಂದೂ ತಾನಾಗಿ ಬಾಯಿ ತೆರೆಯಲಿಲ್ಲ. ಕನ್ನಡದಲ್ಲಿ ಜಾಣನಾಗಿದ್ದನು.

ಮಗುವನ್ನು ತಡೆಯುವುದು, ಹೊರಗೆ ನಿಲ್ಲಿಸುವುದು, ಹೆಸರು ತೆಗೆಯುವೆವೆಂದು ಹೆದರಿಸುವುದು ಧರ್ಮವೂ ಅಲ್ಲ, ಕಾನೂನೂ ಅಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಪ್ರಾಥಮಿಕ ಶಿಕ್ಷಣವು ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲವೆಂದು 16ನೆಯ ಕಲಮಿನಲ್ಲಿ ಹೇಳಿದೆ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ 17ನೆಯ ಕಲಮು ನಿಷೇಧಿಸಿದೆ. ಮಗುವು ತಾನೇ ಮಾಡಿದ ತಪ್ಪಿಗೇ ಹೀಗಿರುವಲ್ಲಿ ತಂದೆಯ ತಪ್ಪಿಗೆ ಮಗುವನ್ನು ದಂಡಿಸುವ ಮಾತೆಲ್ಲಿಯದು?

ಹಾಗಾದರೆ ಶಾಲೆಯು ಕೈಕಟ್ಟಿ ಕೂಡಬೇಕೇ? ಇಲ್ಲಿ ನಮ್ಮ ನೆಲದವನೇ ಆದ ಒಬ್ಬ ಮಹನೀಯನು ನೆರವಿಗೆ ಬರುತ್ತಾನೆ. ಚಾಲುಕ್ಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಜಿಲ್ಲೆಯ ಮರತೂರಿನವನೆಂಬುದು ಶಿಕ್ಷಕರೆಲ್ಲರಿಗೂ ತಿಳಿದಿದೆ. ದಾಯಭಾಗದ ವಿಷಯದಲ್ಲಿ ಅವನ ಹೆಸರನ್ನು ಎಲ್ಲರೂ ಎತ್ತುತ್ತಾರೆ. ಅದೇ ಗ್ರಂಥದ ವ್ಯವಹಾರಾಧ್ಯಾಯದಲ್ಲಿ ಸಂವಿದ್ವ್ಯತಿಕ್ರಮವೆಂಬ ಒಂದು ಪ್ರಕರಣವಿದೆ. ಅದನ್ನು ಅಷ್ಟಾಗಿ ಯಾರೂ ಓದುವುದಿಲ್ಲ. ಸಂವಿತ್ ಎಂದರೆ ಒಡಂಬಡಿಕೆ, ಸಮಯ ಎಂದರೂ ಅದೇ. ಒಂದು ಸಮುದಾಯದವರು ಕೂಡಿ ಮಾಡಿಕೊಂಡ ಕಟ್ಟಳೆಯನ್ನು, ಅದು ಅವರವರ ಸ್ವಧರ್ಮಕ್ಕೆ ವಿರೋಧವಾಗಿರದಿದ್ದರೆ, ರಾಜಶಾಸನದಷ್ಟೇ ಯತ್ನದಿಂದ ಪಾಲಿಸಬೇಕೆಂಬುದು ಅಲ್ಲಿಯ ಅಭಿಪ್ರಾಯ. ಇದಕ್ಕೆ ವಿಜ್ಞಾನೇಶ್ವರನು ಕೊಡುವ ಉದಾಹರಣೆಗಳನ್ನು ನೋಡಿರಿ: ದನಗಳು ಅಡ್ಡಾಡುವ ದಾರಿ ಮತ್ತು ಮೇವಿನ ನೆಲ, ನೀರಿನ ರಕ್ಷಣೆ, ದೇವಾಲಯದ ಪಾಲನೆ. ಇವು ದೊಡ್ಡ ರಾಜಕಾರ್ಯಗಳಲ್ಲ. ಊರವರು ದಿನವೂ ಮುಖಾಮುಖಿಯಾಗುವ ಸಣ್ಣ ಸಂಗತಿಗಳು. ದನಗಳ ದಾರಿಗೆ ಒಡಂಬಡಿಕೆ ಮಾಡಿಕೊಂಡವರ ವಂಶದವರು ಮಕ್ಕಳ ದಾರಿಗೆ ಮಾಡಿಕೊಳ್ಳಲಾರೆವೇ? (ಸಂವಿತ್ತನ್ನು ಮೀರಿದವನ ಸರ್ವಸ್ವವನ್ನೂ ಕಿತ್ತುಕೊಂಡು ರಾಷ್ಟ್ರದಿಂದಲೇ ಹೊರಗಟ್ಟಬೇಕೆಂದು ಅಲ್ಲಿ ಹೇಳಿದೆ. ಆ ಭಾಗವನ್ನು ನಾನು ಪಾಲಕರ ಸಭೆಯಲ್ಲಿ ಓದುವುದಿಲ್ಲ.)

ನನ್ನ ಅಭಿಪ್ರಾಯವು ಈ ಸಮಯ ಎಂಬ ಪದದ ಮೇಲೆಯೇ ನಿಂತಿದೆ. ಶಾಲೆಯು ಪಾಲಕರ ಮೇಲೆ ನಿಯಮವನ್ನು ಹೇರಲಾರದು. ಪಾಲಕರೊಡನೆ ಕೂಡಿ ನಿಯಮವನ್ನು ಮಾಡಬಲ್ಲದು. ಹಾಗೆ ಮಾಡಿದುದನ್ನು ನಡೆಸುವ ಹಕ್ಕು ಆಗ ಅದಕ್ಕೆ ಬರುತ್ತದೆ. ಪ್ರವೇಶದ ಅರ್ಜಿಯ ಬೆನ್ನಿಗೆ ಅಚ್ಚು ಹಾಕಿಸಿ ಸಹಿ ತೆಗೆದುಕೊಂಡ ಮಾತ್ರಕ್ಕೆ ಒಡಂಬಡಿಕೆಯಾಗುವುದಿಲ್ಲ. ಅರ್ಜಿಯಲ್ಲಿ ಏನು ಬರೆದಿದೆಯೆಂದು ಓದಿದವರಾರು? ಜೂನ್ ತಿಂಗಳಲ್ಲಿ ಪಾಲಕರನ್ನು ಕರೆಸಿ, ಅವರ ಬಾಯಿಂದಲೇ ಕಷ್ಟಗಳನ್ನು ಕೇಳಿ, ಎಲ್ಲಿ ಇಳಿಸಿದರೆ ಅನುಕೂಲ, ಯಾರು ಯಾವ ದಿಕ್ಕಿನಿಂದ ಬರುತ್ತಾರೆ, ಹೊಲಕ್ಕೆ ಹೋಗುವವರಿಗೆ ಎಷ್ಟು ಹೊತ್ತಿಗೆ ಬಿಡಬೇಕು ಎಂಬುದನ್ನೆಲ್ಲ ತಿಳಿದು, ಕನ್ನಡದಲ್ಲಿ ಐದಾರು ವಾಕ್ಯಗಳಲ್ಲಿ ಬರೆದು ಓದಿ ಹೇಳಿ ಒಪ್ಪಿಗೆ ಪಡೆಯಬೇಕು. ಆಮೇಲೆ ಮುರಿದವನಿಗೆ ಹೇಳುವವರು ಶಿಕ್ಷಕರೊಬ್ಬರೇ ಆಗಬಾರದು. ಸರತಿಯಂತೆ ಇಬ್ಬರು ಪಾಲಕರೂ ಬಾಗಿಲಲ್ಲಿ ನಿಲ್ಲಬೇಕು. ಪಂಡಿತನಿಗೆ ಎದುರಾಡುವವನು ನೆರೆಮನೆಯವನಿಗೆ ಎದುರಾಡುವ ಮುನ್ನ ಎರಡು ಸಲ ಯೋಚಿಸುತ್ತಾನೆ; ಸಂಜೆ ಅದೇ ಓಣಿಗೆ ಮರಳಬೇಕಲ್ಲ.

ಇದಕ್ಕೂ ಬಗ್ಗದವರಿರುತ್ತಾರೆ. ಅಲ್ಲಿ ಶಾಲೆಯು ತನ್ನ ಸ್ವಂತ ನೆಲದ ಮೇಲಿನ ಹಕ್ಕನ್ನು ಬಳಸಬಹುದು. ಆವರಣದೊಳಗೆ ಯಾವ ವಾಹನವನ್ನು ಬಿಡಬೇಕು, ಬಿಡಬಾರದು ಎಂಬುದು ಶಾಲೆಯ ಕೈಯಲ್ಲಿದೆ. ಪರವಾನಗಿಯಿಲ್ಲದ ವಿದ್ಯಾರ್ಥಿಯ ಗಾಡಿಯನ್ನು ಒಳಗೆ ನಿಲ್ಲಿಸಗೊಡದಿರಬಹುದು. ಮಗುವಿಗೆ ಬಾಗಿಲು ಸದಾ ತೆರೆದಿರಬೇಕು, ಗಾಡಿಗೆ ಮುಚ್ಚಬಹುದು. ಪಾಲಕರಿಗೆ ಪತ್ರ ಬರೆಯಬಹುದು, ಮನೆಗೆ ಹೋಗಿ ಹೇಳಬಹುದು. ಕೊನೆಗೆ ಠಾಣೆಗೆ ತಿಳಿಸಬಹುದು. ಇದನ್ನು ಸಿಟ್ಟಿನ ಭರದಲ್ಲಿ ಮಾಡಬಾರದು, ಮುಂಚೆಯೇ ಹೇಳಿ ಮಾಡಬೇಕು. ರಸ್ತೆಗೆ ಪಟ್ಟೆ ಎಳೆಯುವುದಕ್ಕೆ, ಫಲಕ ಹಾಕುವುದಕ್ಕೆ, ಶಾಲೆಯ ವೇಳೆಗೆ ಕಬ್ಬಿನ ಟ್ರ್ಯಾಕ್ಟರುಗಳನ್ನು ಬೇರೆ ದಾರಿಯಲ್ಲಿ ಕಳಿಸುವುದಕ್ಕೆ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯೆಂಬುದೊಂದಿದೆ. ಅದಕ್ಕೆ ನಮ್ಮ ಸಂಸ್ಥೆಗಳ ವಿನಂತಿಗಳು ಎಷ್ಟು ಹೋಗಿವೆ? ಜಾತ್ರೆಗೆ ಪೊಲೀಸ್ ಬಂದೋಬಸ್ತನ್ನು ಕೇಳಿ ನಾವು ಬರೆಯುವ ಪತ್ರಗಳಲ್ಲಿ ಒಂದನ್ನಾದರೂ ಈ ಕೆಲಸಕ್ಕೆ ಬರೆಯಬಾರದೇಕೆ?

ಆದರೆ ಇದೆಲ್ಲವನ್ನೂ ಹೇಳುವ ಮೊದಲು ನಾವು ಕನ್ನಡಿಯಲ್ಲಿ ಮುಖ ನೋಡಿಕೊಳ್ಳಬೇಕು. ಬಾಗಿಲಿನ ಎಡಕ್ಕೆ ಬೇವಿನ ಮರದ ನೆರಳಿನಲ್ಲಿ ಸಾಲಾಗಿ ನಿಂತಿರುವ ಹದಿನಾಲ್ಕು ಫಟಫಟಿಗಳು ಯಾರವು? ನಮ್ಮವು. ಅವುಗಳಲ್ಲಿ ಒಂದು ಈ ಲೇಖಕನದು. ಮಕ್ಕಳು ನಡೆದು ಬರಬಹುದಾಗಿದ್ದ ಹತ್ತು ಅಡಿಯ ನೆಲವನ್ನು ಶಿಕ್ಷಕರೇ ಆಕ್ರಮಿಸಿಕೊಂಡು, ಉಳಿದ ಎರಡು ಅಡಿಗಾಗಿ ಪಾಲಕರಿಗೆ ನೀತಿಯನ್ನು ಬೋಧಿಸಿದರೆ ಕೇಳುವವರಾರು? ಇನ್ನೊಂದು ಮಾತು ಕಷ್ಟದ್ದು, ದಾನಿಗಳು ಕ್ಷಮಿಸಬೇಕು. ಕಾರ್ಯಕ್ರಮಗಳಿಗೆ ಬರುವ ಗಣ್ಯರ ಕಾರುಗಳು ನೇರವಾಗಿ ಪ್ರಾರ್ಥನಾ ಮೈದಾನದವರೆಗೆ ಬರುತ್ತವೆ. ಮಕ್ಕಳನ್ನು ಬದಿಗೆ ಸರಿಸಿ ದಾರಿ ಮಾಡುತ್ತೇವೆ. ಇದನ್ನು ಗಣ್ಯರು ಕೇಳಿದುದಲ್ಲ, ನಾವೇ ಗೌರವವೆಂದು ಭಾವಿಸಿ ಮಾಡಿದುದು. ಆದರೆ ಟಂಟಂ ಹೊಡೆಯುವ ತಂದೆಯು ಅದನ್ನು ನೋಡುತ್ತಾನೆ. ದೊಡ್ಡವರ ಗಾಡಿಗೆ ಬಾಗಿಲು ತೆರೆಯುವ ಶಾಲೆಯು ತನ್ನ ಗಾಡಿಗೆ ಮಾತ್ರ ಮುಚ್ಚುತ್ತದೆ ಎಂದು ಅವನಿಗೆ ಅನಿಸಿದರೆ ಅವನ ತರ್ಕದಲ್ಲಿ ದೋಷವನ್ನು ತೋರಿಸಲು ನನಗೆ ಬಾರದು. ಈ ಸಂಸ್ಥೆಯ ಕಟ್ಟಡಗಳಿಗೆ ಕೈಯೆತ್ತಿ ಕೊಟ್ಟ ಮಹನೀಯರು ಬಾಗಿಲಲ್ಲಿಳಿದು ಐವತ್ತು ಹೆಜ್ಜೆ ನಡೆದು ಬಂದರೆ, ಆ ದೃಶ್ಯವು ನಾವು ಬರೆಯುವ ಹತ್ತು ಸುತ್ತೋಲೆಗಳಿಗಿಂತ ಹೆಚ್ಚು ಕೆಲಸ ಮಾಡುವುದು.

ಹಿಂದಿನ ಕಾಲದಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಇದ್ದ ಘಟಿಕಾಸ್ಥಾನದ ವಿದ್ಯಾರ್ಥಿಗಳು ಅಲ್ಲಿಯೇ ಉಂಡು ಅಲ್ಲಿಯೇ ಮಲಗುತ್ತಿದ್ದವರು. ಪುಸ್ತಕ ಭಂಡಾರಕ್ಕೂ ಪ್ರತ್ಯೇಕವಾಗಿ ಭಂಡಾರಿಗರಿದ್ದರು. ಮಠಗಳ ಪ್ರಸಾದ ನಿಲಯಗಳಲ್ಲಿ ಬೆಳೆದ ನಮ್ಮ ಹಳೆಯ ವಿದ್ಯಾರ್ಥಿಗಳಿಗೂ ತಂದೆಯು ವರುಷಕ್ಕೊಮ್ಮೆ ಜೋಳದ ಚೀಲವನ್ನು ಹೊತ್ತು ಬಂದು ಬಿಟ್ಟುಹೋದದ್ದಷ್ಟೇ ನೆನಪು. ದಿನಕ್ಕೆರಡು ಸಲ ಬಂದು ಬಿಟ್ಟು ಕರೆದೊಯ್ಯುವ ಪದ್ಧತಿ ಇತ್ತೀಚಿನದು. ಅದಕ್ಕೆ ಕಾರಣಗಳಿಲ್ಲದಿಲ್ಲ. ಹಳ್ಳಿಯ ಶಾಲೆಯನ್ನು ಬಿಟ್ಟು ತಾಲೂಕು ಕೇಂದ್ರಕ್ಕೆ ಮಕ್ಕಳನ್ನು ಕಳಿಸುವ ಹಂಬಲ ಬೆಳೆದಿದೆ. ಬಸ್ಸಿನ ವೇಳೆಗೂ ಶಾಲೆಯ ವೇಳೆಗೂ ಹೊಂದಿಕೆಯಿಲ್ಲ. 2006-07ರಲ್ಲಿ ಆರಂಭವಾಗಿ ಎಂಟನೆಯ ವರ್ಗದ ಮಕ್ಕಳಿಗೆ ಸರಕಾರವು ಕೊಡುತ್ತಿದ್ದ ಸೈಕಲ್ಲು ಕೋವಿಡ್ ಕಾಲದಲ್ಲಿ ನಿಂತುಹೋಯಿತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಪ್ರಯಾಣವು ಉಚಿತವಾಗಿದೆ, ಸಂತೋಷದ ಮಾತು; ಆದರೆ ಬೆಳಗಿನ ಬಸ್ಸು ತುಂಬಿ ಬಾಗಿಲಲ್ಲಿ ಜೋತಾಡುವಾಗ ಯಾವ ತಂದೆಯು ತಾನೇ ಮಗಳನ್ನು ಅದರಲ್ಲಿ ಕಳಿಸಿಯಾನು? ಪಾಲಕರನ್ನು ಬೈಯುವವರು ಇದನ್ನೂ ಎಣಿಸಬೇಕು.

ಹೊರಗಿನ ಊರುಗಳಲ್ಲಿ ಏನು ಮಾಡಿದ್ದಾರೆಂಬುದನ್ನು ಸಂಕ್ಷೇಪವಾಗಿ ಹೇಳಬಹುದು. ಇಟಲಿಯ ಬೋಲ್ಜಾನೋ ನಗರದಲ್ಲಿ 1989ರಷ್ಟು ಹಿಂದೆಯೇ ಶಾಲೆ ತೆರೆಯುವ ಹೊತ್ತಿಗೂ ಬಿಡುವ ಹೊತ್ತಿಗೂ ಶಾಲೆಯ ಬೀದಿಯನ್ನು ವಾಹನಗಳಿಗೆ ಮುಚ್ಚುವ ಪದ್ಧತಿಯನ್ನು ತಂದರು. ಇಂಗ್ಲೆಂಡಿನಲ್ಲಿ ಶಾಲೆಯ ಮುಂದೆ ಹಳದಿಯ ಅಂಕುಡೊಂಕು ಗೆರೆಯನ್ನು ಎಳೆದಿರುತ್ತಾರೆ. ಅದರ ಮೇಲೆ ಗಾಡಿ ನಿಲ್ಲಿಸಿದವನಿಗೆ ದಂಡ ಹಾಕುವುದು ಸ್ಥಳೀಯ ಆಡಳಿತ, ಶಾಲೆಯಲ್ಲ. ಅದೇ ದೇಶದ ಹರ್ಟ್‌ಫರ್ಡ್‌ಷೈರಿನಲ್ಲಿ 1998ರಲ್ಲಿ ಇಬ್ಬರು ಹಿರಿಯರ ನಡುವೆ ಮಕ್ಕಳು ಸಾಲಾಗಿ ನಡೆದು ಬರುವ ಏರ್ಪಾಡಾಯಿತು. ಅದಕ್ಕೆ ನಡೆಯುವ ಬಸ್ಸೆಂದು ಹೆಸರು. ಜಪಾನಿನಲ್ಲಿ ನೆರೆಹೊರೆಯ ಮಕ್ಕಳು ಗುಂಪುಗೂಡಿ ನಡೆದೇ ಹೋಗುತ್ತಾರೆ. ನಮ್ಮ ಬೆಂಗಳೂರಿನಲ್ಲಿ 2023ರಲ್ಲಿ ಸಂಚಾರದ ದಟ್ಟಣೆಯ ಕಾರಣದಿಂದ ಶಾಲೆಯ ವೇಳೆಯನ್ನೇ ಬದಲಿಸುವ ಸಲಹೆಯು ಉಚ್ಚ ನ್ಯಾಯಾಲಯದಿಂದ ಬಂದು, ಶಿಕ್ಷಣ ಇಲಾಖೆಯು ಸಭೆ ಕರೆದಾಗ ಶಾಲೆಗಳವರು ಒಪ್ಪಲಿಲ್ಲ. ಮೇಲಿನಿಂದ ಇಳಿದುಬಂದ ನಿಯಮದ ಗತಿಯು ಸಾಮಾನ್ಯವಾಗಿ ಹೀಗೆಯೇ.

ವೃತ್ತಿದೋಷದಿಂದ ಒಂದು ಶಬ್ದವಿಚಾರವನ್ನು ಮಾಡದೆ ಇರಲಾರೆ. ಶಾಸನವೆಂಬ ಪದವೂ ಅನುಶಾಸನವೆಂಬ ಪದವೂ ಒಂದೇ ಧಾತುವಿನಿಂದ ಹೊರಟವು. ಶಾಸನವು ಅರಸನದು, ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ್ದು, ಅಳಿಪಿದವನಿಗೆ ಶಾಪವನ್ನು ಹಾಕಿದ್ದು. ಅನುಶಾಸನದಲ್ಲಿ ಹಿಂಬಾಲಿಸುವ ಭಾವವಿದೆ. 1604ರಲ್ಲಿ ಭಟ್ಟಾಕಳಂಕನು ಕನ್ನಡಕ್ಕೆ ಬರೆದ ವ್ಯಾಕರಣಕ್ಕೆ ಶಬ್ದಾನುಶಾಸನವೆಂದೇ ಹೆಸರಿಟ್ಟನು. ತಪ್ಪು ಪ್ರಯೋಗ ಮಾಡಿದವನಿಗೆ ವೈಯಾಕರಣನು ದಂಡ ಹಾಕಲಾರನು. ಬಲ್ಲವರು ಹೇಗೆ ಆಡುತ್ತಾರೆಂಬುದನ್ನು ನೋಡಿ, ಅದನ್ನು ಸೂತ್ರ ಮಾಡಿ, ಕಲಿಯುವವರ ಮುಂದಿಡುತ್ತಾನೆ. ಶಾಲೆಯ ಕೈಯಲ್ಲಿರುವುದು ಈ ಎರಡನೆಯದು. ಮೊದಲನೆಯದು ಬೇಕಾದಾಗ ಅದನ್ನು ಹೊಂದಿರುವವರ ಬಳಿಗೆ ಹೋಗಬೇಕು.

ನಿಯಮದಲ್ಲಿ ವಿನಾಯಿತಿಗೆ ಎಡೆ ಇರಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕಾಲು ಸರಿಯಿಲ್ಲದ ಮಗುವನ್ನು ಬಾಗಿಲ ಒಳಗೇ ಇಳಿಸಬೇಕು. ಮಳೆ ಹಿಡಿದ ದಿನ ಗೆರೆಯನ್ನು ಕುರಿತು ವಾದ ಬೇಡ. ನಮ್ಮ ಕಡೆಗೆ ಮಳೆ ಬರುವುದೇ ಅಪರೂಪ.

ಕೊನೆಯದಾಗಿ ಆಡಳಿತ ಮಂಡಲಿಯವರಲ್ಲಿ ಒಂದು ವಿನಂತಿ. ಕಟ್ಟಡದ ಹಿಂಭಾಗದಲ್ಲಿ, ಓಣಿಯ ಕಡೆಗೆ, ಇನ್ನೊಂದು ಬಾಗಿಲಿದೆ. ಹಳೆಯ ವಿದ್ಯಾರ್ಥಿಗಳಿಗೆ ಅದು ನೆನಪಿರಬಹುದು. ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲಿಂದಲೇ ಅವರು ಪೇರಲ ಹಣ್ಣು ಕೊಳ್ಳಲು ತಪ್ಪಿಸಿಕೊಂಡು ಹೋಗುತ್ತಿದ್ದರು. ಆ ಕಾರಣದಿಂದಲೇ ಅದಕ್ಕೆ ಬೀಗ ಬಿದ್ದಿತು. ಆ ಓಣಿಗೆ ಲಾರಿ ಬ‌ರುವುದಿಲ್ಲ, ಟ್ರ್ಯಾಕ್ಟರು ತಿರುಗುವುದಿಲ್ಲ. ನಡೆದು ಬರುವ ಮಕ್ಕಳಿಗೂ ಪ್ರಸಾದ ನಿಲಯದ ಮಕ್ಕಳಿಗೂ ಅದನ್ನು ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ತೆರೆದರೆ ಮುಂಬಾಗಿಲಿನ ಗದ್ದಲವು ಬಹುಪಾಲು ಇಳಿಯುವುದೆಂದು ನನ್ನ ಎಣಿಕೆ. ಅಲ್ಲಿ ನಿಲ್ಲುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ. ನನ್ನ ಫಟಫಟಿಯನ್ನು ಬೇವಿನ ನೆರಳಿನಿಂದ ಕಳೆದ ಸೋಮವಾರವೇ ತೆಗೆದಿದ್ದೇನೆ. ಉಳಿದ ಹದಿಮೂರರ ವಿಷಯವನ್ನು ಶಿಕ್ಷಕರ ಸಭೆಯಲ್ಲಿ ಮಾತನಾಡೋಣ. ಬೀಗದ ಕೀಲಿಯು ಕಚೇರಿಯಲ್ಲಿ ದೊರೆಯಲಿಲ್ಲವೆಂದು ಗುಮಾಸ್ತರು ಹೇಳಿದರು. ಹೊಸ ಬೀಗದ ಖರ್ಚನ್ನು ನಾನೇ ಕೊಡುವೆನು.